ತೂಕ ಒಂದೇ, ದೇಹ ಬೇರೆ: ವಯಸ್ಸು ಮತ್ತು ಲಿಂಗಕ್ಕನುಗುಣವಾಗಿ ದೇಹ ಸಂಯೋಜನೆ

(ಆಶಾ ಕಾರ್ಯಕರ್ತೆಯರು ಹಾಗೂ ಸಮುದಾಯ ಆರೋಗ್ಯಾಧಿಕಾರಿಗಳ ಅಧ್ಯಯನಕ್ಕಾಗಿ)

ತೂಕದ ಯಂತ್ರವು ದೇಹದ ಒಟ್ಟು ಭಾರವನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ಕೊಬ್ಬು, ಸ್ನಾಯು ಮತ್ತು ಮೂಳೆಯ ಪಾಲು ಎಷ್ಟೆಂಬುದೇ ದೇಹ ಸಂಯೋಜನೆ. 25ನೇ ವಯಸ್ಸಿನಲ್ಲಿ 60 ಕಿ.ಗ್ರಾಂ. ತೂಗುತ್ತಿದ್ದವರು 60ನೇ ವಯಸ್ಸಿನಲ್ಲಿಯೂ ಅಷ್ಟೇ ತೂಗಬಹುದು. ಆದರೆ ಸಾಮಾನ್ಯವಾಗಿ ಆ ವೇಳೆಗೆ ಸ್ನಾಯು ಕುಗ್ಗಿ, ಕೊಬ್ಬು ಹೆಚ್ಚಿರುತ್ತದೆ. ಆದುದರಿಂದ ತೂಕ ಹೆಚ್ಚಿಲ್ಲವೆಂಬ ಕಾರಣಕ್ಕೆ ಯಾರನ್ನೂ ತಪಾಸಣೆಯಿಂದ ಕೈಬಿಡಬಾರದು.

1. ಸ್ತ್ರೀ–ಪುರುಷ ವ್ಯತ್ಯಾಸ
ಸಮಾನ ತೂಕ, ಎತ್ತರವಿದ್ದರೂ ಸ್ತ್ರೀಯರಲ್ಲಿ ಕೊಬ್ಬಿನ ಪಾಲು ಹೆಚ್ಚು, ಪುರುಷರಲ್ಲಿ ಸ್ನಾಯುವಿನ ಪಾಲು ಹೆಚ್ಚು. ಗರ್ಭಧಾರಣೆ, ಸ್ತನ್ಯಪಾನಗಳಿಗೆ ಅಗತ್ಯವಾದ ಈ ಕೊಬ್ಬು ದೋಷವಲ್ಲ. ಯೌವನದಲ್ಲಿ ಸ್ತ್ರೀಯರಿಗೆ ಅದು ತೊಡೆ, ನಿತಂಬಗಳಲ್ಲಿಯೂ, ಪುರುಷರಿಗೆ ಹೊಟ್ಟೆಯಲ್ಲಿಯೂ ಹೆಚ್ಚಾಗಿ ಶೇಖರವಾಗುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಮಧುಮೇಹ ಹಾಗೂ ಹೃದ್ರೋಗಗಳ ಅಪಾಯವನ್ನು ಹೆಚ್ಚಿಸುತ್ತದೆ.

2. ವಯಸ್ಸಿನ ಪರಿಣಾಮ
30 ವರ್ಷಗಳ ನಂತರ ಸ್ನಾಯು ನಿಧಾನವಾಗಿ ಕ್ಷೀಣಿಸತೊಡಗುತ್ತದೆ. 60ರ ನಂತರ ಈ ಕ್ಷಯ ತೀವ್ರವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗುವುದರಿಂದ ಸ್ತ್ರೀಯರಲ್ಲಿಯೂ ಕೊಬ್ಬು ಹೊಟ್ಟೆಯತ್ತ ಸರಿಯುತ್ತದೆ, ಮೂಳೆಯ ಸಾಂದ್ರತೆಯೂ ತಗ್ಗುತ್ತದೆ. ವೃದ್ಧರು ಪದೇ ಪದೇ ಬೀಳುವುದಕ್ಕೆ, ಮೂಳೆ ಮುರಿದುಕೊಳ್ಳುವುದಕ್ಕೆ ಇವೂ ಕಾರಣಗಳು.

3. ಅಳತೆಯ ಕ್ರಮ
ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಕೊಬ್ಬು ಹೆಚ್ಚಿರುವುದು ಸಾಮಾನ್ಯ. ಆದುದರಿಂದ ಸೊಂಟದ ಸುತ್ತಳತೆಯನ್ನು ತಪ್ಪದೆ ದಾಖಲಿಸಬೇಕು. ಕೊನೆಯ ಪಕ್ಕೆಲುಬು ಹಾಗೂ ಸೊಂಟದ ಮೂಳೆಯ ಮೇಲಂಚಿನ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ, ಪಟ್ಟಿಯನ್ನು ಬಿಗಿಯದೆ ಅಳೆಯಬೇಕು. ಸೀರೆಯ ನೆರಿಗೆ ಅಥವಾ ಪಂಚೆಯ ಗಂಟಿನ ಮೇಲೆ ಅಳೆಯಬಾರದು. 30 ವರ್ಷ ಮೇಲ್ಪಟ್ಟವರಿಗಾಗಿ ಭರ್ತಿ ಮಾಡುವ ಸಿ-ಬ್ಯಾಕ್ ನಮೂನೆಯ ಅಂಕಗಳು ಹೀಗಿವೆ:

ಸ್ತ್ರೀಯರು: 80 ಸೆಂ.ಮೀ.ವರೆಗೆ 0, 81–90ಕ್ಕೆ 1, 90ಕ್ಕಿಂತ ಹೆಚ್ಚಿದ್ದರೆ 2.
ಪುರುಷರು: 90 ಸೆಂ.ಮೀ.ವರೆಗೆ 0, 91–100ಕ್ಕೆ 1, 100ಕ್ಕಿಂತ ಹೆಚ್ಚಿದ್ದರೆ 2.

ನಮೂನೆಯ ಒಟ್ಟು ಅಂಕ 4ಕ್ಕಿಂತ ಹೆಚ್ಚಿದ್ದವರಿಗೆ ತಪಾಸಣೆಯಲ್ಲಿ ಆದ್ಯತೆ ನೀಡಬೇಕು. ಉಳಿದವರನ್ನೂ ತಪಾಸಣೆಗೆ ಒಳಪಡಿಸಬೇಕು.

4. ನೀಡಬೇಕಾದ ತಿಳಿವಳಿಕೆ
ಕೇವಲ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಮುದ್ದೆ, ಅನ್ನ, ರೊಟ್ಟಿಯ ಪ್ರಮಾಣವನ್ನು ಮಿತಗೊಳಿಸಿ ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆಗಳ ಪಾಲನ್ನು ಹೆಚ್ಚಿಸುವಂತೆ ತಿಳಿಸಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕು. ನಡಿಗೆಯೊಡನೆ ಸ್ನಾಯುಬಲದ ವ್ಯಾಯಾಮವೂ ಅವಶ್ಯಕ. ಕುರ್ಚಿಯಿಂದ ಕೈ ಊರದೆ ಐದು ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಸಮಯ ಬೇಕಾಗುವ ವೃದ್ಧರನ್ನು, ಅವರ ತೂಕ ಎಷ್ಟೇ ಇರಲಿ, ವೈದ್ಯಾಧಿಕಾರಿಗಳ ಬಳಿಗೆ ಕಳುಹಿಸುವುದು.