ಔಷಧವನ್ನು ಹೊತ್ತ ಕಣ, ಕಾವು ನೀಡುವ ಬೆಳಕು

ಕ್ಯಾನ್ಸರ್ ರೋಗಕ್ಕೆ ರಕ್ತನಾಳದ ಮೂಲಕ ನೀಡಲಾಗುವ ಔಷಧವು ರೋಗಗ್ರಸ್ತ ಜೀವಕೋಶಗಳ ಜೊತೆಗೆ ಆರೋಗ್ಯವಂತ ಜೀವಕೋಶಗಳನ್ನೂ ಬಾಧಿಸುತ್ತದೆ. ಕೂದಲು ಉದುರುವುದು, ವಾಂತಿ, ರಕ್ತಕಣಗಳ ಇಳಿಕೆ ಇವು ಇದರ ಪರಿಣಾಮಗಳೇ. ಡಾಕ್ಸೊರುಬಿಸಿನ್ ಎಂಬ ಔಷಧವಂತೂ ಹೃದಯದ ಸ್ನಾಯುವಿಗೇ ಹಾನಿ ಮಾಡಬಲ್ಲದು. ಆದುದರಿಂದ ಒಬ್ಬ ರೋಗಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ನೀಡಬಹುದೆಂಬುದಕ್ಕೆ ಮಿತಿಯಿದೆ. ಇದೇ ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ನೀಡುವ ಕ್ರಮಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇಂತಹ ಗುಳ್ಳೆಯ ಗಾತ್ರ ಸುಮಾರು 100 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೋಮೀಟರ್. ಗಡ್ಡೆಯ ರಕ್ತನಾಳಗಳ ಗೋಡೆ ಸಡಿಲವಾಗಿರುವುದರಿಂದ ಕಣಗಳು ಅಲ್ಲಿ ಸೋರಿ ಸಂಗ್ರಹವಾಗುತ್ತವೆ ಎಂಬುದು ನಿರೀಕ್ಷೆ. ಆದರೆ 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಡ್ಡೆಯನ್ನು ತಲುಪಿದ ಪಾಲು ಸಾಮಾನ್ಯವಾಗಿ ಶೇಕಡಾ 0.7ರಷ್ಟೇ ಎಂದು ತೋರಿಸಿತು. ಉಳಿದುದರಲ್ಲಿ ಬಹುಭಾಗ ಯಕೃತ್ತು, ಗುಲ್ಮಗಳ ಪಾಲಾಗುತ್ತದೆ.

ಈ ಕೊರತೆಯನ್ನು ತುಂಬಲು ಬೆಳಕಿನ ನೆರವನ್ನು ಪಡೆಯಲಾಗುತ್ತಿದೆ. ಕಣ್ಣಿಗೆ ಕಾಣದ ಸಮೀಪ ಅವಗೆಂಪು ಕಿರಣವು ಅಂಗಾಂಶವನ್ನು ಹೆಚ್ಚು ಬಿಸಿ ಮಾಡದೆ ಒಳಹೊಗುತ್ತದೆ. ತಕ್ಕ ಆಕಾರದ ಚಿನ್ನದ ಕಣಗಳು ಅದನ್ನು ಹೀರಿ ಕಾವಾಗಿ ಮಾರ್ಪಡಿಸುತ್ತವೆ. ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ರಕ್ತನಾಳಗಳು ಹಿಗ್ಗಿ ಇನ್ನಷ್ಟು ಔಷಧ ಒಳಬರುತ್ತದೆ, ಜೀವಕೋಶವೂ ಔಷಧಕ್ಕೆ ಬೇಗ ಮಣಿಯುತ್ತದೆ. ಕಾವಿಗೆ ಕರಗುವ ಹೊದಿಕೆಯಿದ್ದರೆ ಔಷಧವು ಬೆಳಕು ಬಿದ್ದೆಡೆಯಲ್ಲಿಯೇ ಹೊರಬರುತ್ತದೆ. 50 ಡಿಗ್ರಿ ಮೀರಿದಲ್ಲಿ ಕೋಶಗಳು ಕಾವಿನಿಂದಲೇ ಸಾಯುತ್ತವೆ. ಗಡ್ಡೆಯ ಅಂಚಿನಲ್ಲಿ ಕಾವು ಸಾಲದೆ ಉಳಿದ ಕೋಶಗಳನ್ನು ಔಷಧ ನೋಡಿಕೊಳ್ಳಬೇಕು. ಎರಡನ್ನೂ ಜೋಡಿಸುವುದರ ಮರ್ಮವಿರುವುದು ಇಲ್ಲಿಯೇ.

ಕೊಬ್ಬಿನ ಗುಳ್ಳೆಗೆ ಚಿನ್ನದ ಲೇಪ ಕೊಟ್ಟು, ಕೆಲಸ ಮುಗಿದ ಮೇಲೆ ಮೂತ್ರಪಿಂಡವು ಹೊರಹಾಕಬಲ್ಲಷ್ಟು ಸಣ್ಣ ಚೂರುಗಳಾಗಿ ಒಡೆಯುವ ಕಣವನ್ನು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ ಹಾಗೂ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದ್ದ 16 ರೋಗಿಗಳ ಪೈಕಿ 15 ಮಂದಿಗೆ ಚಿನ್ನದ ಕವಚದ ಕಣ ಮತ್ತು ಲೇಸರ್‌ನ ಚಿಕಿತ್ಸೆ ಪೂರೈಸಿದುದು 2019ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದುದು ಕಾವು ಮಾತ್ರ, ಔಷಧವಲ್ಲ.

ಔಷಧ ಮತ್ತು ಬೆಳಕಿನ ಜೋಡಿ ಚಿಕಿತ್ಸೆಯು ಆಸ್ಪತ್ರೆಗಳ ನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ನ್ಯಾನೋ ಹೆಸರಿನ ಜಾಹೀರಾತನ್ನು ನಂಬಿ ಶಸ್ತ್ರಚಿಕಿತ್ಸೆಯನ್ನಾಗಲಿ ವಿಕಿರಣ ಚಿಕಿತ್ಸೆಯನ್ನಾಗಲಿ ಮುಂದೂಡುವುದು ಅಪಾಯಕರ. ಬೆಳಕು ದೇಹದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಒಳಗಿನ ಗಡ್ಡೆಗೆ ಬೆಳಕಿನ ತಂತುವನ್ನು ಸೂಜಿಯಂತೆ ತೂರಿಸಬೇಕಾಗುತ್ತದೆ. ದೇಹದೆಲ್ಲೆಡೆ ಹರಡಿದ ರೋಗಕ್ಕೂ ರಕ್ತದ ಕ್ಯಾನ್ಸರಿಗೂ ಬೆಳಕನ್ನು ಬೀರಲು ಒಂದು ನಿರ್ದಿಷ್ಟ ಸ್ಥಳವೇ ಇರುವುದಿಲ್ಲ.