ಬಲಪಕ್ಕೆಯ ನೋವನ್ನು ಗ್ಯಾಸ್ ಎಂದು ಬಿಡಬೇಡಿ: ಪಿತ್ತಕೋಶದ ಉರಿಯೂತ ಮತ್ತು ಸ್ಕ್ಯಾನ್



ವೈದ್ಯಕೀಯ ನೆರವು ಕೋರುವ ಅರ್ಜಿಗಳ ಜೊತೆ ಸ್ಕ್ಯಾನ್ ವರದಿಗಳೂ ಬರುತ್ತವೆ. ಯಾವ ಪರೀಕ್ಷೆ ಏಕೆ ಬೇಕು ಎಂಬುದು ನೆರವು ಕೇಳುವವರಿಗೂ ಕೊಡುವವರಿಗೂ ತಿಳಿದಿರುವುದು ಒಳ್ಳೆಯದು. ಈ ಬಾರಿ ಪಿತ್ತಕೋಶದ ಉರಿಯೂತದ ಬಗ್ಗೆ ತಿಳಿಯೋಣ.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ, ಸುಮಾರು 7ರಿಂದ 10 ಸೆಂ.ಮೀ. ಉದ್ದದ ಚೀಲ. ಜಿಡ್ಡನ್ನು ಅರಗಿಸುವ ಪಿತ್ತರಸ ಇದರಲ್ಲಿ ಶೇಖರವಾಗುತ್ತದೆ. ಚೀಲದ ಕುತ್ತಿಗೆಯಲ್ಲಿ ಕಲ್ಲು ಸಿಕ್ಕಿಕೊಂಡರೆ ರಸ ಹೊರಹೋಗದೆ ಚೀಲ ಬಿಗಿಯುತ್ತದೆ, ಗೋಡೆ ಊದುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ ನೋವು, ಕೆಲವೊಮ್ಮೆ ಬಲಭುಜದವರೆಗೂ ಸೆಳೆತ, ವಾಂತಿ, ಜ್ವರ ಇದರ ಲಕ್ಷಣ. ಕಲ್ಲಿನ ಸಾಮಾನ್ಯ ನೋವು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆರು ಗಂಟೆ ಕಳೆದರೂ ಇಳಿಯದೆ ಜ್ವರವೂ ಬಂದರೆ ಉರಿಯೂತವನ್ನು ಶಂಕಿಸಬೇಕು.

ಮೊದಲು ಮಾಡಬೇಕಾದದ್ದು ಅಲ್ಟ್ರಾಸೌಂಡ್ ಸ್ಕ್ಯಾನ್. ಇದು ಶಬ್ದತರಂಗಗಳಿಂದ ನಡೆಯುವುದರಿಂದ ವಿಕಿರಣದ ಭಯವಿಲ್ಲ, ಗರ್ಭಿಣಿಯರಿಗೂ ಮಾಡಬಹುದು. ಉಳಿದ ಸ್ಕ್ಯಾನ್‌ಗಳಿಗಿಂತ ಖರ್ಚೂ ಕಡಿಮೆ. ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಉಪವಾಸವಿದ್ದು ಹೋಗಬೇಕು. ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ಸರಿಯಾಗಿ ಕಾಣುವುದಿಲ್ಲ. ಆದರೆ ತೀವ್ರ ನೋವಿದ್ದಾಗ ಉಪವಾಸಕ್ಕಾಗಿ ಮನೆಯಲ್ಲಿ ಕಾಯಬಾರದು.

ವೈದ್ಯರು ನೋಡುವುದು ಮುಖ್ಯವಾಗಿ ಇವನ್ನು: ಕಲ್ಲು ಇದೆಯೇ, ಅದು ಕುತ್ತಿಗೆಯಲ್ಲಿ ಸಿಕ್ಕಿದೆಯೇ, ಗೋಡೆಯ ದಪ್ಪ 3 ಮಿ.ಮೀ.ಗಿಂತ ಹೆಚ್ಚಿದೆಯೇ, ಸುತ್ತ ನೀರು ತುಂಬಿದೆಯೇ. ಸ್ಕ್ಯಾನಿನ ಹಿಡಿಯನ್ನು ಪಿತ್ತಕೋಶದ ನೇರಕ್ಕೆ ಒತ್ತಿದಾಗ ಅಲ್ಲಿಯೇ ಹೆಚ್ಚು ನೋವಾದರೆ ಅದಕ್ಕೆ ‘ಮರ್ಫಿ ಲಕ್ಷಣ’ ಎನ್ನುತ್ತಾರೆ. ನೋವಿನ ಮಾತ್ರೆ ನುಂಗಿದ್ದರೆ ಈ ಲಕ್ಷಣ ಮರೆಯಾಗಬಹುದು. ಆದ್ದರಿಂದ ಮಾತ್ರೆ ತೆಗೆದುಕೊಂಡಿದ್ದನ್ನು ತಪ್ಪದೆ ಹೇಳಿ.

ಗೋಡೆ ದಪ್ಪ ಎಂದು ವರದಿಯಲ್ಲಿದ್ದ ಮಾತ್ರಕ್ಕೆ ಉರಿಯೂತ ಎಂದಲ್ಲ. ನಮ್ಮ ಕೊಚ್ಚಿಯಲ್ಲಿ ಮಳೆಗಾಲದಲ್ಲಿ ಕಾಡುವ ಡೆಂಗಿ ಜ್ವರದಲ್ಲೂ, ಯಕೃತ್ತು, ಹೃದಯ, ಮೂತ್ರಪಿಂಡದ ಕಾಯಿಲೆಗಳಲ್ಲೂ ಗೋಡೆ ಊದುತ್ತದೆ. ಅಲ್ಲಿ ಪಿತ್ತಕೋಶ ತೆಗೆಯುವುದರಿಂದ ಪ್ರಯೋಜನವಿಲ್ಲ. ಹಾಗಾಗಿ ವೈದ್ಯರು ದೇಹಪರೀಕ್ಷೆ, ರಕ್ತಪರೀಕ್ಷೆಗಳನ್ನೂ ಸೇರಿಸಿಯೇ ತೀರ್ಮಾನಿಸುತ್ತಾರೆ.

ಅನುಮಾನ ಉಳಿದರೆ ಮುಂದಿನ ಸ್ಕ್ಯಾನ್‌ಗಳು. ಚೀಲ ಕೊಳೆತಿದೆಯೇ, ಒಡೆದಿದೆಯೇ ಎಂದು ತಿಳಿಯಲು ಸಿ.ಟಿ. ಉಪಯುಕ್ತ, ಆದರೆ ಎಷ್ಟೋ ಕಲ್ಲುಗಳು ಸಿ.ಟಿ.ಯಲ್ಲಿ ಕಾಣುವುದಿಲ್ಲ. ಕಾಮಾಲೆ ಇದ್ದು, ಕಲ್ಲು ಪಿತ್ತನಾಳಕ್ಕೆ ಜಾರಿದೆಯೆಂಬ ಶಂಕೆಯಿದ್ದರೆ ಎಂ.ಆರ್.ಸಿ.ಪಿ. ಹೈಡಾ ಸ್ಕ್ಯಾನಿನಲ್ಲಿ ಅತಿ ಸ್ವಲ್ಪ ವಿಕಿರಣವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ಪಿತ್ತರಸದೊಂದಿಗೆ ಹರಿದರೂ ಪಿತ್ತಕೋಶ ತುಂಬದಿದ್ದರೆ ದಾರಿ ಮುಚ್ಚಿದೆ ಎಂದು ತಿಳಿಯುತ್ತದೆ. ಇವು ಎಲ್ಲರಿಗೂ ಬೇಕಿಲ್ಲ.

ಮಟ್ಟಾಂಚೇರಿಯವರಿಗೆ ಕರುವೇಲಿಪ್ಪಡಿಯ ತಾಲ್ಲೂಕು ಆಸ್ಪತ್ರೆ, ಎರ್ನಾಕುಳಂ ಜನರಲ್ ಆಸ್ಪತ್ರೆ ಹತ್ತಿರದಲ್ಲಿವೆ. ತಿರುವನಂತಪುರದ ಮೆಡಿಕಲ್ ಕಾಲೇಜಿಗೆ ಹೋಗಬೇಕಾಗಿ ಬಂದರೆ ಹಳೆಯ ಫಿಲ್ಮ್, ವರದಿಗಳನ್ನೆಲ್ಲ ಒಯ್ಯಿರಿ. ಅದೇ ಸ್ಕ್ಯಾನಿಗೆ ಎರಡನೆಯ ಸಲ ಹಣ ತೆರುವುದು ತಪ್ಪಬಹುದು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡ್ ಇದ್ದವರು ದಾಖಲಾಗುವಾಗಲೇ ಅದನ್ನು ತೋರಿಸಿ.

ಖರ್ಚಿಗೆ ಹೆದರಿ ತಡಮಾಡಿದರೆ ಕೀವು ತುಂಬಬಹುದು, ಚೀಲ ಒಡೆಯಬಹುದು. ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಕಡಿಮೆಯಿದ್ದರೂ ಒಳಗೆ ರೋಗ ಬೆಳೆದಿರಬಹುದು. ಸಕಾಲದಲ್ಲಿ ಪತ್ತೆಯಾದರೆ ಹೆಚ್ಚಿನವರಿಗೆ ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆಯೇ ಸಾಕು. ದಾನಿಗಳೇ, ದೊಡ್ಡ ಆಪರೇಷನ್ನಿಗೆ ಕೊಡುವ ನೆರವಿನಷ್ಟೇ ಬೆಲೆಯುಳ್ಳದ್ದು ಸಮಯಕ್ಕೆ ಸರಿಯಾಗಿ ಮಾಡಿಸಿದ ಒಂದು ಅಲ್ಟ್ರಾಸೌಂಡಿಗೆ ಕೊಡುವ ನೆರವು. ಸದಸ್ಯರೇ, ಹಣವಿಲ್ಲವೆಂದು ನೋವು ನುಂಗಬೇಡಿ. ಮೊದಲು ಆಸ್ಪತ್ರೆಗೆ ಹೋಗಿ, ಸಂಘಕ್ಕೂ ತಿಳಿಸಿ.