ದೇಹದ ಬಸಿಗಾಲುವೆಗಳು: ದುಗ್ಧರಸದ ಬಾವು ಮತ್ತು ನೇವರಿಕೆಯ ಚಿಕಿತ್ಸೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತರಿಗೆ ಎರೆಭೂಮಿಯ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ನೀರು ಬಾರದಿದ್ದರೆ ಅದು ಬಿರಿಯುತ್ತದೆ. ಬಂದ ನೀರು ಬಸಿದು ಹೋಗಲು ದಾರಿ ಇಲ್ಲದಿದ್ದರೆ ಜವಳು ಹಿಡಿಯುತ್ತದೆ. ಆದುದರಿಂದ ಹೊಲಕ್ಕೆ ನೀರುಣಿಸುವ ಕಾಲುವೆ ಎಷ್ಟು ಮುಖ್ಯವೋ ಬಸಿಗಾಲುವೆಯೂ ಅಷ್ಟೇ ಮುಖ್ಯ. ಮಾನವ ದೇಹದಲ್ಲಿಯೂ ಇದೇ ನಿಯಮವಿದೆ. ಆ ದೇಹದ ಬಸಿಗಾಲುವೆಗಳ ಸ್ವರೂಪವನ್ನೂ, ಅವು ಕಟ್ಟಿಕೊಂಡಾಗ ನುರಿತ ಕೈಯ ನೇವರಿಕೆಯಿಂದ ಆಗಬಲ್ಲ ಮತ್ತು ಆಗಲಾರದ ಉಪಕಾರವನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ದುಗ್ಧರಸವೆಂದರೇನು?

ಹೃದಯವು ಒತ್ತಿ ಕಳಿಸಿದ ರಕ್ತ ಅತಿ ಸೂಕ್ಷ್ಮ ನಾಳಗಳನ್ನು ಮುಟ್ಟಿದಾಗ ಅದರ ನೀರಿನಂಶ ಅಲ್ಪಸ್ವಲ್ಪವಾಗಿ ಹೊರಗೆ ಜಿನುಗಿ ಜೀವಕೋಶಗಳನ್ನು ತೋಯಿಸುತ್ತದೆ. ಜಿನುಗಿದ ಈ ದ್ರವವೂ ಅದರೊಡನೆ ಹೊರಬಂದ ಪ್ರೋಟೀನುಗಳೂ ಮರಳಿ ರಕ್ತವನ್ನು ಸೇರಲೇಬೇಕು. ಅವುಗಳನ್ನು ಒಯ್ಯುವ ನಾಳಗಳೇ ದುಗ್ಧನಾಳಗಳು. ಅವುಗಳಲ್ಲಿ ಹರಿಯುವುದೇ ದುಗ್ಧರಸ. 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ ಆಗತಾನೆ ಉಂಡಿದ್ದ ನಾಯಿಯ ಹೊಟ್ಟೆಯಲ್ಲಿ ಹಾಲಿನಂತೆ ಬೆಳ್ಳಗಿದ್ದ ನಾಳಗಳನ್ನು ಕಂಡನು. ಕರುಳಿನಿಂದ ಜಿಡ್ಡನ್ನು ಹೊತ್ತು ಬರುವ ರಸ ಹಾಲಿನ ಬಣ್ಣದ್ದು. 'ದುಗ್ಧ' ಎಂಬ ಹೆಸರು ಅದಕ್ಕೆ ಒಪ್ಪುತ್ತದೆ. ದೇಹದ ಉಳಿದೆಡೆ ಅದು ತಿಳಿಯಾಗಿಯೇ ಇರುತ್ತದೆ.

ಎರಡು ಕಾಲುಗಳು, ಹೊಟ್ಟೆ ಮತ್ತು ದೇಹದ ಮೇಲ್ಭಾಗದ ಎಡಮಗ್ಗುಲಿನ ದುಗ್ಧರಸವು ಎದೆಯ ಮಹಾನಾಳವನ್ನು ಸೇರಿ ಎಡಗಡೆ ಕತ್ತಿನ ಬುಡದಲ್ಲಿ ರಕ್ತನಾಳಕ್ಕೆ ಬೀಳುತ್ತದೆ. ಬಲಗೈ, ಬಲ ಎದೆ ಹಾಗೂ ತಲೆಯ ಬಲಭಾಗದ್ದು ಬಲಗಡೆ ಕೂಡುತ್ತದೆ. ಹೀಗೆ ದಿನವೊಂದಕ್ಕೆ ಸುಮಾರು 2ರಿಂದ 4 ಲೀಟರ್ ರಸ ರಕ್ತಕ್ಕೆ ಮರಳುತ್ತದೆ. ದಾರಿಯಲ್ಲಿ ಕಂಕುಳು, ತೊಡೆಸಂದು, ಕುತ್ತಿಗೆ ಮೊದಲಾದೆಡೆ ಇರುವ ದುಗ್ಧಗ್ರಂಥಿಗಳು ರೋಗಾಣುಗಳನ್ನು ತಡೆದು ನಿಲ್ಲಿಸುತ್ತವೆ.

ಈ ವ್ಯವಸ್ಥೆಗೆ ಹೃದಯದಂತಹ ಯಂತ್ರವಿಲ್ಲ. ನಾಳಗಳ ಗೋಡೆಗಳು ತಾವೇ ಮೆಲ್ಲಗೆ ಸಂಕುಚಿಸುತ್ತವೆ. ಒಳಗಿನ ಕವಾಟಗಳು ರಸ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಒತ್ತಿ ಕೊಡುತ್ತವೆ. ದೀರ್ಘವಾದ ಉಸಿರು ಎದೆಯೊಳಕ್ಕೆ ಸೆಳೆಯುತ್ತದೆ. ಆರೋಗ್ಯವಂತನಿಗೆ ನಡಿಗೆ ಮತ್ತು ಉಸಿರಾಟವೇ ಸಾಕಾದ ಮರ್ದನ.

ನೇವರಿಕೆಯ ಕ್ರಮ

1892ರಲ್ಲಿಯೇ ಆಸ್ಟ್ರಿಯದ ಶಸ್ತ್ರವೈದ್ಯ ವಿನಿವಾರ್ಟರ್ ಬಾತ ಅವಯವಕ್ಕೆ ಮರ್ದನ, ಪಟ್ಟಿ ಕಟ್ಟುವಿಕೆ ಮತ್ತು ಚರ್ಮದ ಶುಚಿತ್ವಗಳನ್ನು ಒಟ್ಟಾಗಿ ಹೇಳಿದ್ದನು. ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿಗಳು ತಮ್ಮ ಹಗುರವಾದ ಕೈಕ್ರಮವನ್ನು 1936ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನ ಮುಂದಿಟ್ಟರು. ಅದನ್ನು ಪಟ್ಟಿ, ವ್ಯಾಯಾಮ, ಚರ್ಮರಕ್ಷಣೆಗಳೊಡನೆ ಬೆಸೆದು ಪೂರ್ಣ ಚಿಕಿತ್ಸೆಯಾಗಿಸಿದ ಕೀರ್ತಿ ಜರ್ಮನಿಯಲ್ಲಿ ನೆಲೆಸಿದ ಫೋಲ್ಡಿ ಅವರದು.

ಗರಡಿಮನೆಯ ಮಾಲೀಸಿಗೂ ಇದಕ್ಕೂ ಬಹಳ ಅಂತರವಿದೆ. ಮಾಲೀಸಿನಲ್ಲಿ ಸ್ನಾಯುಗಳನ್ನು ತಿಕ್ಕಿ ನಾದುತ್ತಾರೆ. ಇಲ್ಲಿ ಚರ್ಮವನ್ನು ಮಾತ್ರ ಮೆಲ್ಲಗೆ ಎಳೆದು ಬಿಡುತ್ತಾರೆ. ದುಗ್ಧನಾಳಗಳ ಮೊದಲ ಕವಲುಗಳು ಚರ್ಮದ ಅಡಿಯಲ್ಲಿಯೇ ಇದ್ದು, ಸುತ್ತಲಿನ ಅಂಗಾಂಶಕ್ಕೆ ನವಿರಾದ ಎಳೆಗಳಿಂದ ಹೊಂದಿಕೊಂಡಿವೆ. ಚರ್ಮ ಹಿಗ್ಗಿದಾಗ ಈ ಎಳೆಗಳು ಜಗ್ಗಿ ನಾಳದ ಬಾಯಿ ತೆರೆಯುತ್ತದೆ, ದ್ರವ ಒಳಸೇರುತ್ತದೆ. ಬಲವಾಗಿ ಒತ್ತಿದರೆ ನಾಳವೇ ಮುಚ್ಚಿಕೊಳ್ಳುತ್ತದೆ. ತಿಕ್ಕಿದ ಕಡೆ ರಕ್ತದ ಹರಿವು ಹೆಚ್ಚಿ ಜಿನುಗುವಿಕೆಯೂ ಹೆಚ್ಚುತ್ತದೆ.

ಇನ್ನೊಂದು ನಿಯಮ ರೈತನಿಗೆ ಚೆನ್ನಾಗಿ ಹೊಂದುವುದು. ಬಸಿಗಾಲುವೆ ಹಳ್ಳಕ್ಕೆ ಕೂಡುವ ಬಾಯಿ ಹೂಳಿನಿಂದ ಮುಚ್ಚಿದ್ದರೆ ಮೇಲಿನ ಹೊಲದಲ್ಲಿ ಎಷ್ಟು ತೋಡಿದರೂ ನೀರು ಇಳಿಯುವುದಿಲ್ಲ. ಹಾಗೆಯೇ ಪಾದ ಬಾತಿದ್ದರೂ ಕೈ ಮೊದಲು ಪಾದಕ್ಕೆ ಹೋಗುವುದಿಲ್ಲ. ದೀರ್ಘ ಉಸಿರಿನೊಡನೆ ಕತ್ತಿನ ಬುಡ, ಬಳಿಕ ಹೊಟ್ಟೆ, ತೊಡೆಸಂದು, ಅನಂತರ ತೊಡೆ, ಮೊಣಕಾಲು, ಮೀನಖಂಡ, ಕೊನೆಗೆ ಪಾದ. ಆದರೆ ಪ್ರತಿ ನೇವರಿಕೆಯ ಮುಖ ಮಾತ್ರ ಮೇಲ್ಮುಖವಾಗಿಯೇ ಇರಬೇಕು.

ನಮ್ಮ ಸೀಮೆಗೆ ಇದರ ಪ್ರಸ್ತುತತೆ

ಇಂಡಿ–ಸಿಂದಗಿ ಸೀಮೆ ಕಲಬುರಗಿ ಜಿಲ್ಲೆಗೂ, ಮುದ್ದೇಬಿಹಾಳ–ತಾಳಿಕೋಟೆ ಸೀಮೆ ಯಾದಗಿರಿ ಜಿಲ್ಲೆಗೂ ತಾಗಿಕೊಂಡಿವೆ. ಆನೆಕಾಲು ರೋಗ ಬಹುಕಾಲದಿಂದ ನೆಲೆಸಿದ ಜಿಲ್ಲೆಗಳಿವು. ಕೊಳಚೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದರ ವಾಹಕ. ದಾರದಂತಹ ಹುಳು ದುಗ್ಧನಾಳದಲ್ಲಿಯೇ ವಾಸಮಾಡಿ ಕವಾಟಗಳನ್ನು ಕೆಡಿಸುತ್ತದೆ. ಸರಕಾರದ ವತಿಯಿಂದ ಊರೂರಿಗೆ ಗುಳಿಗೆ ಹಂಚುವ ಕಾರ್ಯ ನಡೆದಿದೆ. ಮೂರು ಔಷಧಿಗಳನ್ನು ಒಟ್ಟಾಗಿ ಕೊಡುವ ಕ್ರಮದ ಸುರಕ್ಷತೆಯನ್ನು ಪರೀಕ್ಷಿಸಿದ್ದು ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿಯೇ. ಗುಳಿಗೆಯಿಂದ ರೋಗದ ಹರಡುವಿಕೆ ತಗ್ಗುತ್ತದೆ. ಆದರೆ ಈಗಾಗಲೇ ಬಾತ ಕಾಲನ್ನು ಅದು ಮೊದಲಿನಂತೆ ಮಾಡಲಾರದು.

ಬಾತ ಕಾಲಿಗೆ ನಿಜವಾದ ಶತ್ರು ಬೆರಳುಸಂದಿನ ಬಿರುಕು. ಅಲ್ಲಿಂದ ನುಗ್ಗಿದ ಸೂಕ್ಷ್ಮಾಣುಗಳು ಚಳಿಜ್ವರ, ಕೆಂಪು, ಉರಿಯನ್ನು ತರುತ್ತವೆ. ಪ್ರತಿ ಜ್ವರದ ಬಳಿಕ ಕಾಲು ಇನ್ನಷ್ಟು ಗಡುಸಾಗುತ್ತದೆ. ಸಾಬೂನು ಹಚ್ಚಿ ದಿನವೂ ತೊಳೆದು ಬೆರಳುಸಂದು ಒರೆಸಿಕೊಂಡರೆ ಜ್ವರದ ಸರದಿ ಕಡಿಮೆಯಾಗುತ್ತದೆ. ಈ ಮಾತು ಎಷ್ಟು ಸರಳವೋ ಅಷ್ಟೇ ಅಲಕ್ಷ್ಯಕ್ಕೆ ಗುರಿಯಾಗಿದೆ.

ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರು ಸಹೋದ್ಯೋಗಿಗಳೊಡನೆ 1999ರಲ್ಲಿ ಸ್ಥಾಪಿಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಈ ಕ್ಷೇತ್ರದಲ್ಲಿ ಗಮನಾರ್ಹ ಕಾರ್ಯ ಮಾಡಿದೆ. ಶುಚಿಯಾಗಿ ತೊಳೆಯುವುದು, ಆಯುರ್ವೇದದ ಮೂಲಿಕೆ ನೀರಿನಲ್ಲಿ ಕಾಲು ನೆನೆಸುವುದು, ಉಸಿರು ಸಹಿತ ಯೋಗಾಭ್ಯಾಸ, ಭಾರತೀಯ ರೀತಿಯ ನೇವರಿಕೆ, ಕೊನೆಗೆ ಒತ್ತುಪಟ್ಟಿ: ಹೀಗಿದೆ ಅಲ್ಲಿಯ ಕ್ರಮ. ಮನೆಮಂದಿಗೇ ಇದನ್ನು ಕಲಿಸಿಕೊಡುವುದು ಅದರ ವೈಶಿಷ್ಟ್ಯ. ಕಲಬುರಗಿ ಹಾಗೂ ಕೇರಳದ ಆಲಪ್ಪುಳ ಜಿಲ್ಲೆಗಳ ಗ್ರಾಮಗಳಲ್ಲಿ ಇದನ್ನು ಪ್ರಯೋಗಿಸಿದ ವರದಿಯನ್ನೂ ಸಂಸ್ಥೆ ಪ್ರಕಟಿಸಿದೆ.

ಪ್ರಯೋಜನ ಮತ್ತು ಮಿತಿ

ಸ್ತನದ ಅರ್ಬುದರೋಗಕ್ಕೆ ಶಸ್ತ್ರಕ್ರಿಯೆಯಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ತಾಯಂದಿರಲ್ಲಿ ಕೆಲವರಿಗೆ ಕೈ ಬಾಯುತ್ತದೆ. ಇಂಥವರ ಬಗ್ಗೆ 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಒತ್ತುಪಟ್ಟಿಯೊಂದರಿಂದಲೇ ಬಾವು ಪ್ರತಿಶತ 30ಕ್ಕೂ ಹೆಚ್ಚು ಇಳಿಯಿತು. ನೇವರಿಕೆ ಸೇರಿದಾಗ ಹೆಚ್ಚಾಗಿ ಇಳಿದದ್ದು ಪ್ರತಿಶತ 7ರಷ್ಟು. ಇದರಿಂದ ತಿಳಿಯಬೇಕಾದುದು ಇಷ್ಟೇ: ನೇವರಿಕೆ ಸಹಾಯಕ, ಪಟ್ಟಿ ಆಧಾರ. ಪಟ್ಟಿ ಕಟ್ಟದೆ ಬರಿಯ ಕೈಯನ್ನೇ ನಂಬಿದರೆ ಸಂಜೆಗೆ ಇಳಿದ ಬಾವು ಮರುದಿನ ಏರುತ್ತದೆ. ದೇಹದ ವಿಷ ತೆಗೆಯುತ್ತದೆ, ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರಕ್ಕೆ ತಕ್ಕ ಆಧಾರವಿಲ್ಲ.

ಬಾವೆಲ್ಲವೂ ದುಗ್ಧರಸದ ಬಾವಲ್ಲ. ಹೃದಯ, ಮೂತ್ರಪಿಂಡ, ಯಕೃತ್ತುಗಳ ದೋಷದಿಂದಲೂ ಕಾಲು ಬಾಯುತ್ತದೆ. ಆದುದರಿಂದ ವೈದ್ಯರ ಪರೀಕ್ಷೆ ಮೊದಲು. ಜ್ವರ, ಕೆಂಪು, ಉರಿ ಇರುವಾಗ, ಕಾಲಿನ ರಕ್ತನಾಳದಲ್ಲಿ ಗರಣೆಯ ಶಂಕೆ ಇರುವಾಗ, ಹೃದಯದ ದುರ್ಬಲತೆ ಹತೋಟಿಗೆ ಬಾರದಿರುವಾಗ ನೇವರಿಕೆ ಸಲ್ಲದು.

ಬಾತ ಕಾಲನ್ನು ಸೀರೆಯ ನೆರಿಗೆಯಲ್ಲಿ, ಧೋತರದ ಅಂಚಿನಲ್ಲಿ ಮರೆಮಾಡಿಕೊಂಡು ಮದುವೆ-ಮುಂಜಿವೆಗಳಿಂದ ದೂರ ಉಳಿಯುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹಣೆಬರಹವೆಂದು ಅವರು ಸುಮ್ಮನಾಗುವುದು ಸಂಕೋಚದಿಂದ ಮತ್ತು ತಿಳಿವಳಿಕೆಯ ಅಭಾವದಿಂದ. ಒಂದೇ ಕಾಲು ಬಾತು ಪದೇ ಪದೇ ಚಳಿಜ್ವರದಿಂದ ಶಾಲೆ ತಪ್ಪಿಸುವ ಮಗುವನ್ನು ಮೊದಲು ಗುರುತಿಸಬಲ್ಲವರು ಶಿಕ್ಷಕರು. ಆರಂಭದಲ್ಲಿ ಆರೈಕೆ ದೊರೆತರೆ ಕಾಲು ಗಡುಸಾಗುವುದನ್ನು ತಡೆಯಬಹುದು. ಪಟ್ಟಿಗಳು ಸವೆಯುತ್ತವೆ, ಬಡವರಿಗೆ ಮತ್ತೆ ಮತ್ತೆ ಕೊಳ್ಳುವುದಾಗುವುದಿಲ್ಲ; ದಾನಿಗಳ ನೆರವು ಸಲ್ಲಬೇಕಾದ ಸ್ಥಳ ಅದು. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಅಂಥ ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು, ಕಾಲು ತೊಳೆಯುವ, ನೇವರಿಸುವ, ಪಟ್ಟಿ ಕಟ್ಟುವ ರೀತಿಯನ್ನು ಅವರ ಮನೆಯವರು ಕಲಿಯುವಂತೆ ಮಾಡಿದರೆ ಈ ಲೇಖನ ಸಾರ್ಥಕವಾದೀತು.